ಮನೆ ದುರಸ್ತಿಯ ಕಾಲದಲ್ಲಿ ನಾವೇ ಯಜಮಾನರು

(ತಿಗನಾರೆಯಲ್ಲಿ ಸೇರಿದ್ದ ಕಾರ್ಮಿಕರ ಕೂಟದಲ್ಲಿ ಉಪದೇಶಿಯೊಬ್ಬರು ಮಾಡಿದ ಭಾಷಣ)



ಈ ಸಾರಿಯ ಕೂಟಕ್ಕೆ ವಿಷಯ ಯಾವುದಿರಲಿ ಎಂದು ವಿಚಾರಿಸಿದಾಗ ನಿಮ್ಮಲ್ಲಿ ಹಲವರು, "ಊರಲ್ಲಿ ಎಲ್ಲಿ ನೋಡಿದ್ರೂ ಮನೆ ಕೆಲಸ ನಡೀತಾ ಅದೆ, ಅದ್ನೇ ಮಾತಾಡಿ ಉಪದೇಶಿಗಳೇ" ಎಂದಿರಿ. ನನಗೂ ಅದು ಸರಿಯೆನಿಸಿತು. ಕೂಲಿ, ಬೋನಸ್, ರಜೆ ಇವುಗಳ ವಿಚಾರ ನಾವು ಬೇಕಾದಷ್ಟು ಸಲ ಮಾತಾಡಿದ್ದೇವೆ. ಆದರೆ ದುಡಿದ ಹಣ ಕೊನೆಗೆ ಹೋಗಿ ಸೇರುವುದು ಎಲ್ಲಿಗೆ? ಮಗಳ ಮದುವೆಗೆ, ಆಸ್ಪತ್ರೆಗೆ, ಇಲ್ಲವೇ ಮನೆಯ ಸೂರಿಗೆ. ಆದುದರಿಂದ ಈ ದಿನ ಸೂರಿನ ವಿಚಾರ. ಅದರ ಜೊತೆಗೆ, ಕೆಲಸ ಮುಗಿಸಿ ಬಂದ ಮೇಲೆ ಜಗಲಿಯ ಮೇಲೆ ಕುಳಿತು ನಾವು ಮಾಡಿಕೊಳ್ಳುವ ಸಣ್ಣಪುಟ್ಟ ಕೈಗೆಲಸದ ವಿಚಾರವನ್ನೂ ಸೇರಿಸಿಕೊಳ್ಳುತ್ತೇನೆ. ಯಾಕೆಂದರೆ ಈ ಎರಡೂ ಒಂದೇ ಮನೆಯ ಮಕ್ಕಳು.

ಕೆಡವುವ ಮೊದಲು ನೋಡಿ

ನಮ್ಮ ತಾಳವಾಡಿ ಬೆಟ್ಟದ ಹಳೆಯ ಮನೆಗಳು ಹೇಗಿವೆಯೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕೆಳಗೆ ಕಲ್ಲಿನ ಪಾಯ, ಮೇಲೆ ಹುಲ್ಲು ಕಲಸಿದ ಮಣ್ಣಿನ ಗೋಡೆ, ಅದರ ಮೇಲೆ ತೊಲೆ, ಜಂತೆ, ಗಳ, ಹೆಂಚು. ಇಂತಹ ಮನೆಯ ಗೋಡೆ ಒಂದು ಕಡೆ ಕುಸಿದರೆ ಈಗ ನಮಗೆ ಮೊದಲು ಹೊಳೆಯುವುದು "ಎಲ್ಲಾ ಕೆಡವಿ ತಾರಸಿ ಹಾಕಿಸೋಣ" ಎಂಬುದು. ಹಾಗೆ ಹೇಳುವ ಮೊದಲು ಒಂದು ವಾರ ಮನೆಯನ್ನು ಸುತ್ತು ಹಾಕಿ ನೋಡಿರಿ.

ಗೋಡೆಯಲ್ಲಿ ಬಿರುಕು ಇದೆಯೆ? ಅದಕ್ಕೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಅಂಟಿಸಿ ತಾರೀಕು ಬರೆದಿಡಿ. ಒಂದೆರಡು ತಿಂಗಳಲ್ಲಿ ಕಾಗದ ಹರಿದರೆ ಬಿರುಕು ಇನ್ನೂ ಬೆಳೆಯುತ್ತಿದೆ, ಪಾಯ ಕುಸಿಯುತ್ತಿರಬಹುದು, ಅನುಭವಸ್ಥರನ್ನು ಕರೆಸಬೇಕು. ಕಾಗದ ಹಾಗೇ ಇದ್ದರೆ ಅದು ಹಳೆಯ ಬಿರುಕು, ತುಂಬಿಸಿ ಸಾರಿಸಿದರೆ ಸಾಕು. ಎರಡು ರೂಪಾಯಿಯ ಕಾಗದ ಎರಡು ಲಕ್ಷ ಉಳಿಸಬಹುದು.

ಇನ್ನೊಂದು, ಸೂರಿನ ನೀರು ಎಲ್ಲಿ ಬೀಳುತ್ತದೆಂದು ಮಳೆ ಬರುವಾಗಲೇ ನಿಂತು ನೋಡಬೇಕು. ಸೂರು ಗಿಡ್ಡವಾಗಿದ್ದರೆ ನೀರು ಗೋಡೆಯ ಬುಡಕ್ಕೇ ಬಡಿದು ಮಣ್ಣನ್ನು ಕೊರೆಯುತ್ತದೆ. ನಮ್ಮ ಕಡೆಯ ಹಿರಿಯ ಗಾರೆಯವರೊಬ್ಬರು ಹೇಳುವ ಮಾತಿದೆ: "ಗ್ವಾಡೆ ಬೀಳದಕ್ಕೆ ಮಣ್ಣು ಕಾರಣ ಅಲ್ಲ ಕಣಪ್ಪ, ನೀರು ಕಾರಣ. ನೀರ್ನ ದಾರಿ ಬಿಡ್ಸು, ಗ್ವಾಡೆ ನಿನ್ ಮೊಮ್ಮಕ್ಕಳ್ನೂ ನೋಡ್ತದೆ." ಸೂರನ್ನು ಒಂದೂವರೆ ಎರಡಡಿ ಹೊರಕ್ಕೆ ಚಾಚಿಸಿ, ಗೋಡೆಯ ಬುಡಕ್ಕೆ ಕಲ್ಲಿನ ಜಗಲಿ ಕಟ್ಟಿ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಟ್ಟರೆ ಅರ್ಧ ದುರಸ್ತಿ ಮುಗಿದಂತೆಯೇ.

ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮೆತ್ತುವುದು ಈಗ ಎಲ್ಲರ ಆಸೆ. ನೋಡುವುದಕ್ಕೆ ಚೆಂದ. ಆದರೆ ಮಣ್ಣಿನ ಗೋಡೆ ತೇವವನ್ನು ಎಳೆದುಕೊಂಡು ಮತ್ತೆ ಗಾಳಿಗೆ ಬಿಡುತ್ತದೆ. ಹೊರಗೆ ಸಿಮೆಂಟು ಬಿಗಿಯಾಗಿ ಕೂತಾಗ ಒಳಗಿನ ತೇವಕ್ಕೆ ಹೊರಬರುವ ದಾರಿ ಇರುವುದಿಲ್ಲ. ಒಳಗಿನ ಮಣ್ಣು ಮೆತ್ತಗಾಗಿ, ಕೆಲವು ಮಳೆ ಕಳೆಯುವುದರೊಳಗೆ ಗಾರೆ ಹಪ್ಪಳದಂತೆ ಎದ್ದು ಬೀಳುತ್ತದೆ. ಮಣ್ಣಿಗೆ ಮಣ್ಣೇ ಮದ್ದು, ಇಲ್ಲವೇ ಸುಣ್ಣದ ಗಾರೆ. ನಮ್ಮ ಅಜ್ಜಿಯರು ಸಗಣಿ ಸಾರಿಸಿ ಸುಣ್ಣ ಬಳಿಯುತ್ತಿದ್ದುದು ಬಡತನಕ್ಕೆ ಮಾತ್ರವಲ್ಲ, ತಿಳಿವಳಿಕೆಯಿಂದಲೂ ಹೌದು.

ಹೆಂಚಿನ ಹಿಂದೆ ಇರುವ ಚರಿತ್ರೆ

ನಾವು ಮಂಗಳೂರು ಹೆಂಚು ಎನ್ನುವುದನ್ನು ಆ ಊರಿನವರು ಹಂಚು ಎನ್ನುತ್ತಾರೆ. ಹಳೆಯ ಹೆಂಚು ಇಳಿಸುವಾಗ ಅದನ್ನು ತಿರುಗಿಸಿ ನೋಡಿರಿ, ಹಿಂದೆ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಆ ಅಚ್ಚಿನ ಹಿಂದೆ ನಮ್ಮಂತಹವರ ಚರಿತ್ರೆಯೇ ಇದೆ.

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಸಭೆಗೆ ಸೇರಿದವರಲ್ಲಿ ಅನೇಕರು ಜಾತಿಯಿಂದ ಹೊರಗಾದರು; ಜಾತಿಯ ಜೊತೆಗೆ ಕಸುಬೂ ಹೋಯಿತು, ಗೇಣಿಯ ಭೂಮಿಯೂ ಹೋಯಿತು. ಅವರಿಗೆ ಕೆಲಸ ಬೇಕಾಯಿತು. ಮಿಶನ್ನಿನವರು ಮುದ್ರಣಾಲಯ ಹಾಕಿದರು, ನೇಯ್ಗೆಯ ಶಾಲೆ ತೆರೆದರು. 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರ ಮುಂದಾಳುತನದಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ನದಿಯ ದಡದ ಜೇಡಿಮಣ್ಣು, ಅಚ್ಚಿನ ಯಂತ್ರ, ಭಟ್ಟಿ ಇಷ್ಟರಿಂದ ಒಂದಕ್ಕೊಂದು ಕೊಂಡಿಯಂತೆ ಕೂರುವ ಹೆಂಚು ಹುಟ್ಟಿತು. ಹಡಗಿನಲ್ಲಿ ಪರದೇಶಗಳಿಗೂ ಹೋಯಿತು. ಮುಂದೆ ಸ್ಥಳೀಯರೂ ಕಾರ್ಖಾನೆ ಹಾಕಿದರು. ಮೊದಲನೆಯ ಮಹಾಯುದ್ಧದ ನಂತರ ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಬಂದವು. ಅಲ್ಲಿಯ ಕಾರ್ಮಿಕರು ಸಂಘ ಕಟ್ಟಿ ತಮ್ಮ ಹಕ್ಕು ಕೇಳಿದ್ದೂ ಅದೇ ಚರಿತ್ರೆಯ ಇನ್ನೊಂದು ಪುಟ. ಕೆಲಸ ಕೊಟ್ಟವರು ಒಳ್ಳೆಯವರೇ ಆದರೂ ಕೂಲಿಯ ಲೆಕ್ಕ ಬೇರೆಯಾಗಿಯೇ ಕೇಳಬೇಕಾಗುತ್ತದೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಹೆಂಚಿನ ಮನೆ ಇರುವವರು ಮಳೆಗಾಲಕ್ಕೆ ಮುಂಚೆ ಒಂದು ಸಲ ಹೆಂಚು ಕೈಯಾಡಿಸಿ ಒಡೆದದ್ದನ್ನು ಬದಲಾಯಿಸಬೇಕು. ನೂರು ಚದರ ಅಡಿ ಸೂರಿಗೆ ಸುಮಾರು 150 ಮಂಗಳೂರು ಹೆಂಚು ಬೇಕು. ಅದಕ್ಕೆ ತಕ್ಕಂತೆ ಹಳೆಯ ಮನೆ ಕೆಡವುವ ಕಡೆ ವಿಚಾರಿಸಿ ಹತ್ತಿಪ್ಪತ್ತು ಹೆಚ್ಚಿಗೆ ತಂದಿಟ್ಟುಕೊಳ್ಳಿ. ಕೋತಿಗಳ ಕಾಟ ನಿಮಗೆ ಗೊತ್ತೇ ಇದೆ.

ಹೊಸದಾಗಿ ಗೋಡೆ ಎಬ್ಬಿಸಲೇಬೇಕೆಂದಾಗಲೂ ಸುಟ್ಟ ಇಟ್ಟಿಗೆಯೊಂದೇ ದಾರಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ವಿಭಾಗ ಆರಂಭಿಸಿದರು. ಹಳ್ಳಿಗೆ ಉಪಯೋಗವಾಗುವ ವಿಜ್ಞಾನವೇ ಅದರ ಗುರಿ. ಅಲ್ಲಿ ಕೆ. ಎಸ್. ಜಗದೀಶ್ ಮೊದಲಾದವರು ಮಣ್ಣಿಗೆ ನೂರಕ್ಕೆ ಆರೆಂಟು ಪಾಲು ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಹಾಕಿ, ಮೂರು ನಾಲ್ಕು ವಾರ ನೀರು ಹಾಕಿ ಗಟ್ಟಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದರು. ಇದಕ್ಕೆ ಸೌದೆ ಬೇಡ, ಭಟ್ಟಿ ಬೇಡ. ಕೇರಳದಲ್ಲಿ ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಇದ್ದರು. 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳ ಕಟ್ಟಡ ಕೆಲಸಕ್ಕೆಂದು ಇಂಗ್ಲೆಂಡಿನಿಂದ ಬಂದವರು, 2007ರಲ್ಲಿ ತೀರಿಕೊಳ್ಳುವವರೆಗೆ ಇಲ್ಲೇ ಉಳಿದರು. ಇಟ್ಟಿಗೆಯನ್ನು ಅಡ್ಡ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವ ರೀತಿಯನ್ನು ಅವರು ಬಳಕೆಗೆ ತಂದರು. ಅದರಿಂದ ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ, ಮನೆ ತಂಪಾಗಿಯೂ ಇರುತ್ತದೆ. ಹತ್ತಿರದಲ್ಲಿ ಸಿಗುವ ಸಾಮಾನಿನಿಂದಲೇ ಮನೆ ಕಟ್ಟಬೇಕೆಂಬುದು ಅವರ ಹಟ. ನಮಗೆ ಇದು ಹಟವಲ್ಲ, ಅಗತ್ಯ. ಕೆಳನಾಡಿನಿಂದ ಒಂದು ಲೋಡ್ ಸಾಮಾನು ಬರಬೇಕಾದರೆ ದಿಂಬಂ ಘಟ್ಟದ 27 ತಿರುವು ಹತ್ತಬೇಕು. 2022ರಲ್ಲಿ ಹೈಕೋರ್ಟಿನ ಆಜ್ಞೆಯಿಂದ ಕಾಡುಪ್ರಾಣಿಗಳ ಸಲುವಾಗಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಬಂತು. ಬಾಡಿಗೆಯ ಲೆಕ್ಕ ಹಾಕಿದರೆ ಕಾಲಡಿಯ ಮಣ್ಣೇ ಮೇಲು.

ಕೂಲಿ ಕೊಡುವ ಕೈ

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ನಾವೆಲ್ಲ ಕೂಲಿ ಪಡೆಯುವ ಕೈಗಳು. ಆದರೆ ಮನೆ ದುರಸ್ತಿಗೆ ಕೈ ಹಾಕಿದ ದಿನದಿಂದ ಕೆಲಸ ಮುಗಿಯುವವರೆಗೆ ನಾವು ಕೂಲಿ ಕೊಡುವ ಕೈ. ಆ ಎರಡು ಮೂರು ತಿಂಗಳು ನಮ್ಮ ಸಂಘದ ಮಾತು ನಮ್ಮ ಅಂಗಳದಲ್ಲೇ ಪರೀಕ್ಷೆಗೆ ನಿಲ್ಲುತ್ತದೆ.

ಮೇಸ್ತ್ರಿಯ ಜೊತೆ ಮೊದಲೇ ಮಾತಾಡಿ ಬರೆದಿಡಿ: ದಿನಗೂಲಿಯೋ ಗುತ್ತಿಗೆಯೋ, ಎಷ್ಟು ಚದರ, ಸಾಮಾನು ಯಾರದು, ಹಣ ಯಾವ ಹಂತದಲ್ಲಿ ಎಷ್ಟು. ಶಾಲೆಯ ನೋಟ್‌ಬುಕ್ಕಿನ ಒಂದು ಹಾಳೆ ಸಾಕು, ಇಬ್ಬರ ಸಹಿ ಇರಲಿ. ಬಹಳ ಜಗಳ ಹುಟ್ಟುವುದು ಮೋಸದಿಂದಲ್ಲ, ಬಾಯಿಮಾತಿನಿಂದ.

ಮೇಸ್ತ್ರಿಗೆ ಕೊಟ್ಟೆವು, ನಮ್ಮ ಕೆಲಸ ಮುಗಿಯಿತು ಎಂದು ತಿಳಿಯಬಾರದು. ಅವನ ಕೆಳಗೆ ಗಾರೆ ಕಲಸುವ, ಬಾಂಡ್ಲಿ ಹೊರುವ ಹೆಣ್ಣಾಳಿನ ಕೈಗೆ ಎಷ್ಟು ಸೇರಿತೆಂದು ಕೇಳಿರಿ. ಹೆಂಗಸಿಗೂ ಗಂಡಸಿಗೂ ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾಯಿದೆ ಈ ದೇಶದಲ್ಲಿ 1976ರಲ್ಲೇ ಆಯಿತು. ಕಟ್ಟಡದ ಕೆಲಸದಲ್ಲಿ ಆ ಕಾಯಿದೆಯಿಂದ ತಪ್ಪಿಸಿಕೊಳ್ಳುವ ದಾರಿ ಯಾವುದು? ಹೆಂಗಸಿಗೆ ಕರಣೆಯನ್ನು ಕೊಡದೇ ಇರುವುದು. ಇಪ್ಪತ್ತು ವರ್ಷ ಗಾರೆ ಕಲಸಿದವಳಿಗೆ ಹದ ಮೇಸ್ತ್ರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಆದರೂ ಅವಳು ಕೊನೆಯವರೆಗೆ ಆಳು. ನಿಮ್ಮ ಮನೆಯ ಒಳಗೋಡೆಯೊಂದನ್ನು ಅವಳು ಸಾರಿಸಲಿ, ಆ ದಿನ ಗಾರೆಯವರ ಕೂಲಿಯೇ ಕೊಡಿ. ಒಂದು ಗೋಡೆಯಿಂದ ಲೋಕ ಬದಲಾಗುವುದಿಲ್ಲ, ಆದರೆ ಒಬ್ಬ ಹೆಂಗಸಿನ ಕಸುಬು ಬದಲಾಗಬಹುದು.

ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡಬೇಕೆಂಬುದು ಮೋಶೆಯ ಕಾಲದ ಕಟ್ಟಳೆ. ಅದರ ಅರ್ಥ ಸಂತೆಗೆ ಹೋಗಬೇಕಾದ ತಾಯಿಗೆ ಬೇಗ ತಿಳಿಯುತ್ತದೆ. ಶನಿವಾರ "ಸೋಮವಾರ ನೋಡೋಣ" ಎಂದರೆ ಭಾನುವಾರ ಅವರ ಮನೆಯಲ್ಲಿ ಒಲೆ ಉರಿಯುವುದು ಹೇಗೆ?

ಅಪಾಯದ ವಿಚಾರ. ಸಾರುವೆಗೆ ಹಳೆಯ ಗಳ, ಕೊಳೆತ ಹಗ್ಗ ಹಾಕಬಾರದು. ಹೆಂಚಿನ ಮೇಲೆ ನಡೆಯುವವರು ಜಂತೆಯ ಮೇಲೇ ಏಣಿಯನ್ನು ಮಲಗಿಸಿ ಅದರ ಮೇಲೆ ಕಾಲಿಡಬೇಕು. ಸುಣ್ಣ, ಸಿಮೆಂಟು ಕಣ್ಣಿಗೆ ಸಿಡಿದರೆ ಉಜ್ಜಬಾರದು, ಬಹಳ ಹೊತ್ತು ಶುದ್ಧ ನೀರು ಸುರಿದು ನೇರ ಆಸ್ಪತ್ರೆಗೆ ಹೋಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಆಸ್ಬೆಸ್ಟಾಸ್ ಶೀಟು. ಅಗ್ಗವೆಂದು ಎಲ್ಲರೂ ಹಾಕುತ್ತೇವೆ. ಗರಗಸದಿಂದ ಕೊಯ್ದಾಗ, ತೂತು ಹೊಡೆದಾಗ, ಹಳೆಯದನ್ನು ಒಡೆದಾಗ ಹಾರುವ ಧೂಳಿನಲ್ಲಿ ಕಣ್ಣಿಗೆ ಕಾಣದ ನಾರು ಇರುತ್ತದೆ. ಅದು ಶ್ವಾಸಕೋಶದಲ್ಲಿ ಕೂತು ಹತ್ತಾರು ವರ್ಷಗಳ ನಂತರ ಕ್ಯಾನ್ಸರ್ ತರಬಲ್ಲದು. ಈ ಅಪಾಯವನ್ನು ಸುಪ್ರೀಂ ಕೋರ್ಟು 1995ರಲ್ಲೇ ಕಾರ್ಮಿಕರ ಆರೋಗ್ಯದ ಮೊಕದ್ದಮೆಯಲ್ಲಿ ವಿಚಾರಿಸಿತು. ಹಳೆಯ ಶೀಟು ಇಳಿಸಲೇಬೇಕಾದರೆ ನೀರಿನಲ್ಲಿ ಚೆನ್ನಾಗಿ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಿರಿ. ಅದರ ಚೂರನ್ನು ಅಂಗಳಕ್ಕೆ ಹರಡಿ ಮಕ್ಕಳನ್ನು ಆಡಬಿಡಬೇಡಿ.

ಕೆಲಸಕ್ಕೆ ಬಂದವರನ್ನು ಒಂದು ಮಾತು ಕೇಳಿರಿ: "ಅಣ್ಣ, ಅಕ್ಕ, ನಿಮ್ಮ ಹೆಸರು ಮಂಡಳಿಯಲ್ಲಿ ಇದೆಯೆ?" ತಮಿಳುನಾಡಿನಲ್ಲಿ 1982ರ ಕಾಯಿದೆಯ ಕೆಳಗೆ 1994ರಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಆಯಿತು. ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆ ಬಂದದ್ದು 1996ರಲ್ಲಿ. ತಮಿಳುನಾಡು ಎರಡು ವರ್ಷ ಮುಂದಿತ್ತು. ಮಕ್ಕಳ ಓದಿಗೆ ಸಹಾಯ, ಹೆರಿಗೆ ಸಹಾಯ, ಅಪಘಾತದಲ್ಲಿ ಪರಿಹಾರ, 60 ತುಂಬಿದ ಮೇಲೆ ಪಿಂಚಣಿ ಇವೆಲ್ಲ ಹೆಸರು ಬರೆಸಿದವರಿಗೆ ಸಿಗುತ್ತವೆ. ಸಾರುವೆಯಿಂದ ಬಿದ್ದ ಮೇಲೆ ಹೆಸರು ಬರೆಸಲಾಗದು. ನಮ್ಮವರು ಹಿಂದೆ ಬೀಳುವುದಕ್ಕೆ ಇನ್ನೊಂದು ಕಾರಣ ಭಾಷೆ. 1956ರಲ್ಲಿ ರಾಜ್ಯಗಳ ಗಡಿ ಹಾಕಿದಾಗ ನಾವು ಈ ಕಡೆ ಉಳಿದೆವು. ಮನೆಯಲ್ಲಿ ಕನ್ನಡ, ಅರ್ಜಿಯಲ್ಲಿ ತಮಿಳು. ಎರಡೂ ಓದಬಲ್ಲ ನಮ್ಮ ಹುಡುಗ ಹುಡುಗಿಯರು ತಿಂಗಳಿಗೆ ಒಂದು ಸಂಜೆ ಕೂತು ಅರ್ಜಿ ತುಂಬಿಸಿಕೊಟ್ಟರೆ ಅದಕ್ಕಿಂತ ದೊಡ್ಡ ಸೇವೆ ಬೇರೆ ಬೇಕಿಲ್ಲ.

ಸಾಲದ ವಿಚಾರವನ್ನೂ ಹೇಳಿಬಿಡುತ್ತೇನೆ. ವಾರದ ಕಂತಿನ ಗುಂಪು ಸಾಲದಿಂದ ಮನೆ ಕಟ್ಟಬೇಡಿ. ಮನೆ ದುಡಿದು ಕೊಡುವ ಆಸ್ತಿಯಲ್ಲ. ಸೂರು ಹಾಕಿದ ವಾರವೇ ಅದು ಕಂತು ಕಟ್ಟುವುದಿಲ್ಲ. 2025ರ ಜನವರಿಯಲ್ಲಿ ಪಕ್ಕದ ಚಾಮರಾಜನಗರ ಜಿಲ್ಲೆಯಲ್ಲಿ ಕಿರುಸಾಲ ವಸೂಲಿಯವರ ಕಾಟಕ್ಕೆ ಕುಟುಂಬಗಳು ಬೀಗ ಹಾಕಿ ಊರು ಬಿಟ್ಟ ಸುದ್ದಿ ನಾವೆಲ್ಲ ಓದಿದೆವು. ಮುಂದಿನ ತಿಂಗಳೇ ಕರ್ನಾಟಕ ಸರ್ಕಾರ ಅದಕ್ಕೆಂದು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಮನೆಗೆಂದು ಮಾಡಿದ ಸಾಲ ಮನೆಯಿಂದಲೇ ಹೊರಗೆ ಹಾಕಿದರೆ ಏನು ಬಂತು? ಈ ವರ್ಷ ಸೂರು, ಬರುವ ವರ್ಷ ನೆಲ, ಆಮೇಲೆ ಬಚ್ಚಲು ಎಂದು ಹಂತ ಹಂತವಾಗಿ ಮಾಡುವುದರಲ್ಲಿ ಅವಮಾನವೇನೂ ಇಲ್ಲ.

ಜಗಲಿಯ ಕೈಗೆಲಸ

ದುರಸ್ತಿ ನಡೆದ ಮನೆಯಲ್ಲಿ ತುಂಡು ಹಲಗೆ, ಉಳಿದ ವೈರು, ಅರ್ಧ ಮೂಟೆ ಸಿಮೆಂಟು, ಒಡೆದ ಹೆಂಚು ಉಳಿಯುತ್ತವೆ. ಅಲ್ಲಿಂದ ಹವ್ಯಾಸ ಹುಟ್ಟುತ್ತದೆ. ನಮ್ಮ ಊರಲ್ಲೇ ಕೆಟ್ಟ ರೇಡಿಯೋ ಬಿಚ್ಚಿ ಕೂಡಿಸುವವರಿದ್ದಾರೆ, ಸೈಕಲ್ ಚಕ್ರದಿಂದ ಹಗ್ಗ ಹೊಸೆಯುವ ರಾಟೆ ಮಾಡಿದವರಿದ್ದಾರೆ. ಕೆಲವರಿಗೆ ಇದು ಹುಚ್ಚಾಟವಾಗಿ ಕಾಣುತ್ತದೆ. "ಕೆಲಸ ಇಲ್ದೋನು ಗಡಿಯಾರ ಬಿಚ್ದ" ಎನ್ನುತ್ತಾರೆ. ನಾನು ಹಾಗೆ ಎಣಿಸುವುದಿಲ್ಲ. ದಿನವೆಲ್ಲ ಇನ್ನೊಬ್ಬರು ಹೇಳಿದ್ದನ್ನು ಮಾಡಿದ ಕೈ, ಸಂಜೆ ಒಂದು ಗಂಟೆ ತನಗೆ ತೋಚಿದ್ದನ್ನು ಮಾಡಿದರೆ ಆ ಮನುಷ್ಯನಿಗೆ ತನ್ನ ಬೆಲೆ ತಿಳಿಯುತ್ತದೆ.

ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರಿದ್ದರು. ಮಹಾರಾಜಾ ಕಾಲೇಜಿನಲ್ಲಿ ಅವರು ಕಲಿಸುತ್ತಿದ್ದುದು ಮನಶ್ಶಾಸ್ತ್ರ. 1935ರಲ್ಲಿ ಅವರು ತಮ್ಮ ಮನೆಯಲ್ಲೇ ಒಂದು ಸಣ್ಣ ರೇಡಿಯೋ ನಿಲಯ ಶುರುಮಾಡಿದರು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಮುಂದೆ ಆ ಹೆಸರು ಇಡೀ ದೇಶದ ರೇಡಿಯೋದ ಹೆಸರಾಯಿತು. ಗದ್ದೆಯಲ್ಲಿ ನಾವು ಹಳೆಯ ಹಾಡು ಕೇಳುವಾಗ ನೆನೆಸಿಕೊಳ್ಳಬೇಕು, ಅದು ಒಬ್ಬರ ಮನೆಯಲ್ಲಿ ಹವ್ಯಾಸವಾಗಿ ಮೊಳೆತದ್ದು.

ಮನೆಯ ಹೆಂಗಸರಿಗೆ ಉಪಯೋಗವಾಗುವ ಒಂದು ಕೈಗೆಲಸ ಹೇಳುತ್ತೇನೆ. ಮೊದಲು ಹೇಳಿದ ವಿಜ್ಞಾನ ಸಂಸ್ಥೆಯವರೇ 80ರ ದಶಕದಲ್ಲಿ 'ಅಸ್ತ್ರ ಒಲೆ'ಯನ್ನು ಹಳ್ಳಿಗಳಿಗೆ ತಂದರು. ಮಣ್ಣು, ಇಟ್ಟಿಗೆ, ಹೊಗೆ ಕೊಳವೆ ಇಷ್ಟೇ ಸಾಮಾನು. ಸೌದೆ ಇಡುವ ಜಾಗದಲ್ಲಿ ಕಬ್ಬಿಣದ ಜಾಲರಿ, ಕೆಳಗಿನಿಂದ ಗಾಳಿ, ಒಂದೇ ಉರಿಗೆ ಸಾಲಾಗಿ ಮೂರು ಪಾತ್ರೆ, ಹೊಗೆ ಕೊಳವೆಯಿಂದ ಹೊರಕ್ಕೆ. ಸೌದೆ ಕಡಿಮೆ ಸಾಕು, ಕಣ್ಣುರಿ ಇಲ್ಲ. ಗ್ಯಾಸ್ ಸಿಲಿಂಡರ್ ಇದ್ದರೂ ಸ್ನಾನದ ನೀರಿಗೆ, ರಾಗಿ ಮುದ್ದೆಗೆ ನಾವು ಸೌದೆಯನ್ನೇ ಹಚ್ಚುತ್ತೇವೆ. ನಮ್ಮ ಸುತ್ತ ಇರುವುದು 2013ರಲ್ಲಿ ಹುಲಿ ರಕ್ಷಿತಾರಣ್ಯವಾದ ಸತ್ಯಮಂಗಲದ ಕಾಡು. ಸೌದೆಗೆ ಹೋದ ಅಕ್ಕ ತಂಗಿಯರು ಆನೆಗೆ ಎದುರಾಗುವ ಭಯ ಪುಸ್ತಕದ ಮಾತಲ್ಲ. ಒಲೆ ಒಂದು ಹೊರೆ ಸೌದೆ ಉಳಿಸಿದರೆ ಕಾಡಿಗೆ ಹೋಗುವ ಒಂದು ದಿನ ಉಳಿಯಿತು.

ಹಾಗೆಯೇ ಒಂದು ಕೈಗೆಲಸ ಬೇಡವೆಂದು ಕೈಮುಗಿದು ಹೇಳುತ್ತೇನೆ. ಆನೆ, ಹಂದಿಯ ಕಾಟಕ್ಕೆ ಮನೆಯ ಲೈನಿನಿಂದ ಬೇಲಿಯ ತಂತಿಗೆ ನೇರ ಕರೆಂಟ್ ಕೊಡುವುದು. ಸೋಲಾರ್ ಬೇಲಿಯ ಯಂತ್ರ ಬ್ಯಾಟರಿಯಿಂದ ಕ್ಷಣಕ್ಕೊಮ್ಮೆ ಚುರುಕು ಮುಟ್ಟಿಸಿ ಬಿಡುತ್ತದೆ. ಪ್ರಾಣಿ ಹೆದರಿ ಹಿಂದೆ ಸರಿಯುತ್ತದೆ. ಲೈನಿನ ಕರೆಂಟ್ ಹಾಗಲ್ಲ, ಹಿಡಿದದ್ದನ್ನು ಬಿಡುವುದಿಲ್ಲ. ಕತ್ತಲಲ್ಲಿ ಅದನ್ನು ಮುಟ್ಟುವುದು ಆನೆಯೇ ಆಗಬೇಕೆಂದಿಲ್ಲ; ಹಸು ಹುಡುಕಿಕೊಂಡು ಬಂದ ನೆರೆಮನೆಯ ಹುಡುಗನಾಗಬಹುದು, ನಿಮ್ಮ ಮಗನೇ ಆಗಬಹುದು. 1972ರ ವನ್ಯಜೀವಿ ಕಾಯಿದೆಯಲ್ಲಿ ಜೈಲೂ ಇದೆ. ಸೋಲಾರ್ ಬೇಲಿಗೂ ತಮಿಳುನಾಡು 2023ರಲ್ಲಿ ನಿಯಮ ಮಾಡಿ ನೋಂದಣಿ ಕೇಳಿದೆ, ವಿಚಾರಿಸಿ ಹಾಕಿಸಿರಿ. ಮನೆಯೊಳಗಿನ ವೈರಿಂಗ್ ಮಾಡಿಸುವಾಗಲೂ ಅರ್ತಿಂಗ್ ಸರಿಯಾಗಿ ಹಾಕಿಸಿ, 30 ಮಿಲಿ ಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚನ್ನು ಕೂರಿಸಿರಿ. ಬಣ್ಣಕ್ಕೆ ಹಾಕುವ ಹಣದಲ್ಲಿ ಸ್ವಲ್ಪ ತೆಗೆದರೆ ಅದು ಬರುತ್ತದೆ.

ಮಕ್ಕಳನ್ನು ಜಗಲಿಯ ಕೆಲಸಕ್ಕೆ ಸೇರಿಸಿಕೊಳ್ಳಿ, ಆದರೆ ಶಾಲೆ ಬಿಡಿಸಿ ಗಾರೆ ಹೊರಿಸಬೇಡಿ. ಒಂದು ಹಗ್ಗದಲ್ಲಿ 3 ಅಡಿ, 4 ಅಡಿ, 5 ಅಡಿಗೆ ಗಂಟು ಹಾಕಿ ಮೂರು ಮೂಲೆ ಎಳೆದರೆ ಮೂಲೆಮಟ್ಟ ತಾನಾಗಿ ಬರುತ್ತದೆ. ನೀರು ತುಂಬಿದ ಪ್ಲಾಸ್ಟಿಕ್ ಕೊಳವೆಯ ಎರಡು ತುದಿ ಹಿಡಿದರೆ ಅಂಗಳದ ಆ ಕೊನೆಗೂ ಈ ಕೊನೆಗೂ ಒಂದೇ ಮಟ್ಟ ಸಿಗುತ್ತದೆ. ಕಪ್ಪುಹಲಗೆಯ ಮೇಲೆ ತಲೆಗೆ ಹತ್ತದ ಲೆಕ್ಕ ಅಂಗಳದಲ್ಲಿ ಹತ್ತುವುದನ್ನು ನಾನು ಕಂಡಿದ್ದೇನೆ. ಮೇಸ್ತ್ರಿಯನ್ನೇ ಕರೆದು ಅವರಿಗೆ ಇದನ್ನು ಹೇಳಿಕೊಡಿಸಿರಿ. ತಾನು ಗುರುವೂ ಹೌದೆಂದು ಅವನಿಗೂ ತಿಳಿಯಲಿ.

ಕೊನೆಯದಾಗಿ ಮೂರು ವಿಜ್ಞಾಪನೆ. ಮೊದಲನೆಯದು, ನಮ್ಮ ಕೂಟಕ್ಕೆ ಒಂದು ಒಳ್ಳೆಯ ಏಣಿ, ಸಾರುವೆಯ ಗಳ, ರಸಮಟ್ಟ, ತೂಗುಗುಂಡು ಕೊಂಡಿಟ್ಟು ಸರದಿಯ ಮೇಲೆ ಎಲ್ಲರೂ ಬಳಸೋಣ. ಒಬ್ಬೊಬ್ಬರೂ ಕೊಳ್ಳುವ ಅಗತ್ಯವಿಲ್ಲ. ಎರಡನೆಯದು, ಅರ್ಜಿ ತುಂಬಿಸುವ ಸಂಜೆಯನ್ನು ಈ ತಿಂಗಳೇ ಗೊತ್ತು ಮಾಡೋಣ. ಮೂರನೆಯದು, ಹಿಂಗಾರು ಮಳೆಗೆ ಮುಂಚೆ ಒಂಟಿ ಹೆಂಗಸರ, ಮುದುಕರ ಮನೆಗಳ ಹೆಂಚನ್ನು ನಾವೇ ಕೈಯಾಡಿಸಿಕೊಡೋಣ. ಒಬ್ಬೊಬ್ಬರು ಅರ್ಧ ದಿನ ಕೊಟ್ಟರೆ ಸಾಕು. ಯಾರು ಯಾವ ಮನೆಗೆ ಎಂದು ಹೋಗುವ ಮೊದಲೇ ಬಾಗಿಲ ಬಳಿ ಇಟ್ಟಿರುವ ನೋಟ್‌ಬುಕ್ಕಿನಲ್ಲಿ ಹೆಸರು ಬರೆಯಿರಿ.